ಮೂರು ಮೀಟರ್ ಬಿಟ್ಟು

ಹುತ್ತದ ಸುತ್ತ ಮೂರು ಮೀಟರ್ ಬಿಡು
ಅಂದಿದ್ದ ಮೇಸ್ತ್ರಿ ಉರ್ಹೊ, ಫೋನಿನಲ್ಲಿ.
ಬಿಟ್ಟೆ. ಬೇಕಾದರೆ ಟೇಪು ಹಿಡಿದು ನೋಡಿ.

ಜನವರಿ. ಕುಹ್ಮೊದಲ್ಲಿ ಆಗ ಹಗಲೆಂದರೆ
ನಾಲ್ಕೈದು ತಾಸಿನ ಬೂದಿ.
ಎಂಟು ದೀಪ ಉರಿಸಿಕೊಂಡ ಯಂತ್ರದೊಳಗೆ
ನಾನು, ಕಾಫಿ, ಹವಾಮಾನ ಓದುವ ರೇಡಿಯೊ.
ಒಂದು ಸ್ಪ್ರೂಸ್ ಹಿಡಿದು, ಬುಡ ಕೊಯ್ದು, ಮಲಗಿಸಿ,
ರೆಂಬೆ ಸವರಿ, ತುಂಡು ಹಾಕಲು ನಲವತ್ತು ಸೆಕೆಂಡು.
ಪರದೆ ತಾನೇ ಬರೆದುಕೊಳ್ಳುತ್ತದೆ:
ಇಷ್ಟು ಉದ್ದ, ಇಷ್ಟು ದಪ್ಪ, ಇಷ್ಟು ಘನ ಮೀಟರ್.
ಹುತ್ತ, ಹಿಮದಡಿಯ ಒಂದು ಉಬ್ಬು,
ಮಲಗಿದ ಹಸುವಿನ ಬೆನ್ನು.
ಅದಕ್ಕೆ ಪರದೆಯಲ್ಲಿ ಕಾಲಮ್ಮಿಲ್ಲ.

ಏಪ್ರಿಲ್ ಮುಗಿಯುವಾಗ ಅತ್ತೆ ಸೈಮಿಗೆ ನೆಗಡಿ.
ಎಂಬತ್ತಮೂರರಲ್ಲೂ ಅವಳ ಮದ್ದು ಒಂದೇ:
ಕಾಡಿಗೆ ಕರಕೊಂಡು ಹೋಗು.

ಕಡಿದ ಬಯಲು ನೋಡಿ ಏನೂ ಅನ್ನಲಿಲ್ಲ.
ಬೂಟಿನ ಹಿಮ ಕೊಡವಿದಳು, ಅಷ್ಟೆ.
ಹುತ್ತದ ಒಂದು ಪಕ್ಕ ಮೊಣಕೈ ಆಳದ ಕಿಂಡಿ,
ಚಳಿಗಾಲದಲ್ಲಿ ಕರಿ ಮರಕುಟಿಗ ತೋಡಿದ್ದು.
ದಕ್ಷಿಣದ ಮೈಯಲ್ಲಿ ಮಾತ್ರ
ಅಂಗೈಯಗಲ ಹಿಮ ಕರಗಿ,
ಸೂಜಿಯೆಲೆಯ ರಾಶಿಯ ಮೇಲೆ
ಇರುವೆಗಳು, ಒಂದರ ಮೇಲೊಂದು, ಕದಲದೆ,
ಬಿಸಿಲಿಗೆ ಮೈಯೊಡ್ಡಿ.
ಮೈ ಕಾದದ್ದು ಕೆಳಗಿಳಿಯುತ್ತದೆ,
ಕತ್ತಲಲ್ಲಿ ಬಿಸಿ ಸುರಿದು
ಬರಿಗೊಡವಾಗಿ ಮೇಲೆ ಬರುತ್ತದೆ, ಮತ್ತೆ ತುಂಬಿಕೊಳ್ಳಲು.
ಹೀಗೆ ಮೊಗೆಮೊಗೆದು
ಸೂರ್ಯನನ್ನು ಮನೆಗೆ ಹೊರುವುದು.

ಹಳಬವು ಇವು, ಅಂದಳು ಸೈಮಿ,
ಹೋದ ವರ್ಷದವು. ದಾರಿ ಗೊತ್ತಿರುವುದು ಇವಕ್ಕೇ.
ಒಂದೊಂದಕ್ಕೆ ಒಂದೊಂದೇ ದಾರಿ, ಒಂದೇ ಮರ.
ಎಳೆಯವನ್ನು ಬೆನ್ನಿಗೆ ಹಾಕಿಕೊಂಡು ಹೋಗಿ
ಮರ ತೋರಿಸುತ್ತವೆ,
ಬೇಸಿಗೆ ಬಲಿಯುವಷ್ಟರಲ್ಲಿ ಸಾಯುತ್ತವೆ.

ದಾರಿ ಆಗಲೇ ಶುರುವಾಗಿತ್ತು.
ನನ್ನ ಯಂತ್ರದ ಗಾಲಿ ಕೊರೆದ ಹಳ್ಳಕ್ಕಿಳಿದು, ಹತ್ತಿ,
ಸವರಿದ ರೆಂಬೆಗಳ ಗುಡ್ಡೆ ದಾಟಿ,
ಎಲ್ಲೂ ಅನುಮಾನಿಸದೆ
ನೆಟ್ಟಗೆ ಒಂದು ಬುಡಕ್ಕೆ.

ಆ ಬುಡದ ಮೇಲೆ ಇಪ್ಪತ್ತು ಮೀಟರ್ ಮರವಿತ್ತು.
ತುದಿಯ ಎಳೆ ರೆಂಬೆಗಳಲ್ಲಿ ಗಿಡಹೇನು,
ಅವುಗಳ ಹಿಂಬದಿಯಲ್ಲಿ ಸಿಹಿ ಹನಿ,
ಮೀಸೆಯಿಂದ ಸವರಿ ಕರೆದುಕೊಳ್ಳುವ ಹಾಲು.
ಈಗ ಊಟದ ತಟ್ಟೆಯಗಲದ ಬಿಳಿ ಕೊಯ್ತ.
ಇರುವೆಗಳು ಅದರ ಅಂಚಿಗೆ ಬಂದು
ಮುಂಗಾಲೆತ್ತಿ ನಿಂತವು.
ಹತ್ತಬೇಕಾದಲ್ಲಿ ಗಾಳಿ.

ಮೂರು ಮೀಟರ್ ಬಿಟ್ಟಿದ್ದೆ, ಅಂದೆ.
ಹ್ಞೂಂ, ಅಂದಳು. ದಾರಿ ಮೂವತ್ತು ಮೀಟರ್.

ಬೈಗುಳವೇನಲ್ಲ. ಬರೀ ಅಳತೆ.
ಕರವಸ್ತ್ರ ಬಿಚ್ಚಿ ಹುತ್ತದ ಮೇಲೆ ಹಾಸಿ
ಮೆತ್ತಗೆ ತಟ್ಟಿದಳು.
ನಮ್ಮ ಕಡೆ ಇವಕ್ಕೆ ಉಚ್ಚೆಹುಳ ಅಂತಲೂ ಹೆಸರು.
ಸಾವಿರ ಹೊಟ್ಟೆಗಳು ಒಟ್ಟಿಗೆ ಮೇಲೆತ್ತಿ ಚಿಮ್ಮಿದವು.
ಕೊಡವಿ, ಮೂಸಿ, ಕಣ್ಣು ಮುಚ್ಚಿ ಸೀನಿ,
ಬಟ್ಟೆ ನನ್ನ ಕಡೆ ಚಾಚಿದಳು: ಹೂಂ, ನೀನೂ.
ನನಗೆ ನೆಗಡಿ ಇರಲಿಲ್ಲ.
ಹುಳಿ ನೆತ್ತಿಗೇರಿತು. ಕಣ್ಣಲ್ಲಿ ನೀರು ಬಂತು,
ಆ ಹುಳಿಗೆ ಯಾರಿಗಾದರೂ ಬರುತ್ತದೆ.

ಬಗ್ಗಿ ನೋಡಿದಾಗ ಒಂದಿರುವೆ
ಬುಡದ ಅಂಚಿನಲ್ಲಿ ಗಟ್ಟಿಯಾದ ರಾಳದ ಮಣಿ ಕಿತ್ತು
ಹಿಂದುಹಿಂದಕ್ಕೆ ಎಳೆಯುತ್ತ ಮನೆ ಕಡೆ ತಿರುಗಿತ್ತು.
ಬೂಸ್ಟು ಬಾರದಿರಲಿ ಅಂತ ಒಳಗಿಡುತ್ತವಂತೆ.
ನನ್ನ ಬ್ಲೇಡು ಬಿಡಿಸಿದ ರಾಳ.

ಆಗಸ್ಟಿನಲ್ಲಿ ಬ್ಲೂಬೆರಿಯ ನೆಪ ಹೇಳಿ ಒಬ್ಬನೇ ಹೋದೆ.
ದಾರಿಯ ಒಂದು ಕವಲು
ಜೌಗಿನ ಪಕ್ಕ ಉಳಿದ ಬರ್ಚ್ ಕಡೆ ಹೊರಳಿತ್ತು.
ಅಷ್ಟು ಹೊಟ್ಟೆಗೆ ಅದೊಂದು ಸಾಕೋ ಇಲ್ಲವೋ,
ನನಗೆ ಲೆಕ್ಕ ಬರುವುದು ಘನ ಮೀಟರಿನಲ್ಲಿ ಮಾತ್ರ.

ಹಳಬವು ಅಷ್ಟರಲ್ಲಿ ಸತ್ತಿರಬೇಕು.
ಆದರೂ ಬುಡಕ್ಕೆ ಒಂದಷ್ಟು ಬರುತ್ತಲೇ ಇದ್ದವು,
ಹೊಳೆಯುವ ಮೈಯ ಎಳೆಯವು.
ಅಂಚಿನವರೆಗೆ ಹತ್ತಿ, ಒಂದು ಸುತ್ತು ಹಾಕಿ,
ತಡವರಿಸದೆ ಇಳಿದು ಹೋಗುತ್ತಿದ್ದವು,
ಮರವೆಂದರೆ ಇಷ್ಟೇ ಎತ್ತರ ಎಂಬಂತೆ.